ಉಪ್ಪುನೀರಿನ ಮೀನಿನ ಟ್ಯಾಂಕಿಗೆ ಫಿಲ್ಟರ್: ಮೊದಲು ಯಾವುದು ಬೇಕು, ಯಾವುದು ಬೇಡ

ಡೊಂಬಿವಲಿಯ ನಮ್ಮ ಮನೆಗೆ ಊರಿಂದ ಯಾರೇ ಬರಲಿ, ಹಾಲ್‌ನಲ್ಲಿರುವ ಮೂರಡಿ ಟ್ಯಾಂಕಿನ ಮುಂದೆ ನಿಂತು ಎರಡು ಪ್ರಶ್ನೆ ಕೇಳುತ್ತಾರೆ. ಒಂದು, ಈ ಮೀನು ತಿನ್ನೋಕೆ ಆಗುತ್ತಾ? ಕರಾವಳಿ ಮಂದಿ, ಕೇಳದೆ ಇರಲಾರರು. ಎರಡು, ಸಮುದ್ರ ಇಷ್ಟು ಹತ್ತಿರ ಇಟ್ಟುಕೊಂಡು ದುಡ್ಡು ಕೊಟ್ಟು ಉಪ್ಪು ತರ್ತೀಯಲ್ಲ, ಜುಹುವಿನಿಂದ ನಾಲ್ಕು ಕ್ಯಾನ್ ನೀರು ಹೊತ್ತು ತಂದರೆ ಸಾಕಲ್ವಾ?

ಮೊದಲನೆಯದಕ್ಕೆ ನಗುತ್ತೇನೆ. ಎರಡನೆಯದಕ್ಕೆ ಉತ್ತರ, ಬೇಡ. ಮುಂಬೈ ದಡದ ನೀರಿಗೆ ಊರಿನ ಚರಂಡಿ ಸೇರುತ್ತೆ. ಮಳೆಗಾಲದಲ್ಲಿ ನಾಲೆಗಳ ಸಿಹಿನೀರು ನುಗ್ಗಿ ಉಪ್ಪಿನ ಪ್ರಮಾಣವೂ ಇಳಿಯುತ್ತೆ. ಅದನ್ನು ತೊಳೆದು ಸರಿ ಮಾಡುವುದಕ್ಕಿಂತ ಶುದ್ಧ ನೀರಿಗೆ ಸಮುದ್ರದ ಮೀನಿಗೆಂದೇ ಮಾರುವ ಅಕ್ವೇರಿಯಂ ಉಪ್ಪು ಕಲಸುವುದೇ ಸುಲಭ. ಲೀಟರಿಗೆ ಸುಮಾರು 35 ಗ್ರಾಂ.

ಇನ್ನು ಮಾಟುಂಗಾದಿಂದಲೋ ಮುಲುಂಡಿನಿಂದಲೋ ಯಾರಾದರೂ ಫೋನ್ ಮಾಡಿ "ಕ್ರಾಫರ್ಡ್ ಮಾರ್ಕೆಟ್ಟಿಗೆ ಹೊರಟಿದ್ದೇನೆ, ಯಾವ ಫಿಲ್ಟರ್ ತರಲಿ" ಅಂತ ಕೇಳುತ್ತಲೇ ಇರುತ್ತಾರೆ. ಒಂದೇ ಮಾತಿನಲ್ಲಿ ಹೇಳೋಕೆ ಬರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮೊದಲ ಟ್ಯಾಂಕಿಗೆ ಅಂಗಡಿಯವನು ಕೊಟ್ಟಿದ್ದು ಕ್ಯಾನಿಸ್ಟರ್ ಫಿಲ್ಟರ್. ಮುಚ್ಚಳ ಬಿಗಿದ ಡಬ್ಬಿ, ಒಳಗೆ ಸ್ಪಂಜು, ಸೆರಾಮಿಕ್ ಉಂಗುರ. ಶಬ್ದವಿಲ್ಲ, ನೋಡೋಕೂ ಚೆಂದ. ತಿಂಗಳಿಗೊಮ್ಮೆ ತೊಳೆದರೆ ಆಯ್ತು ಅಂದ. ನಾನು ಐದು ವಾರ ಬಿಟ್ಟು ತೆರೆದೆ. ಒಳಗೆ ಏನಿತ್ತು ಅಂತ ವರ್ಣಿಸಲ್ಲ, ಊಟದ ಹೊತ್ತಲ್ಲಿ ಓದುವವರೂ ಇರುತ್ತಾರೆ. ಅಡುಗೆಮನೆಯ ಕಸದ ಬುಟ್ಟಿಗೆ ಗಟ್ಟಿ ಮುಚ್ಚಳ ಹಾಕಿ, ಆ ಬುಟ್ಟಿಯ ಮೂಲಕವೇ ಮನೆಯ ಗಾಳಿಯನ್ನೆಲ್ಲ ಓಡಿಸಿದರೆ ಹೇಗಿರುತ್ತೆ, ಹಾಗಿತ್ತು. ಟ್ಯಾಂಕಿನ ನೀರು ಮಾತ್ರ ಕನ್ನಡಿಯ ಹಾಗೆ ತಿಳಿಯಾಗಿತ್ತು, ನೈಟ್ರೇಟ್ ಪರೀಕ್ಷೆಯ ಬಣ್ಣ ಕಡುಗೆಂಪು, ಅಂದರೆ ನೈಟ್ರೇಟ್ ವಿಪರೀತ.

ಮೀನಿನ ಕೊಳೆ ಮತ್ತು ಮಿಕ್ಕ ಆಹಾರ ಕೊಳೆತು ಅಮೋನಿಯಾ ಆಗುತ್ತೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ನೈಟ್ರೇಟ್ ಮಾಡುತ್ತೆ. ಸಿಹಿನೀರಿನ ಟ್ಯಾಂಕಿನಲ್ಲಿ ಈ ನೈಟ್ರೇಟನ್ನು ಗಿಡಗಳು ತಿಂದುಬಿಡುತ್ತವೆ. ಉಪ್ಪುನೀರಿನ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಅಂಥ ಗಿಡಗಳಿರಲ್ಲ. ಮೇಲಾಗಿ ಇಲ್ಲಿ ಪಿಎಚ್ 8.1ರಿಂದ 8.4, ಪಿಎಚ್ ಏರಿದಷ್ಟೂ ಅಮೋನಿಯಾ ಜಾಸ್ತಿ ವಿಷ. ಹಾಗಾಗಿ ಕೊಳೆತ ಮೇಲೆ ಒದ್ದಾಡುವ ಫಿಲ್ಟರಿಗಿಂತ, ಕೊಳೆಯುವ ಮುಂಚೆಯೇ ಕಸವನ್ನು ನೀರಿಂದ ಹೊರಗೆ ಎಳೆದು ಹಾಕುವ ಫಿಲ್ಟರ್ ಬೇಕು. ಯಾವ ಸಾಮಾನು ನೋಡಿದರೂ ಇದೊಂದು ಪ್ರಶ್ನೆ ಕೇಳಿ: ಇದು ಕಸವನ್ನು ಹೊರಗೆ ಹಾಕುತ್ತಾ, ಇಲ್ಲಾ ಒಳಗೇ ಕೂಡಿಡುತ್ತಾ?

ಹೊರಗೆ ಹಾಕುವುದರಲ್ಲಿ ಮೊದಲನೆಯದು ಪ್ರೋಟೀನ್ ಸ್ಕಿಮ್ಮರ್. ಹೆಸರು ಕೇಳಿ ಹೆದರಬೇಡಿ. ತೊಗರಿಬೇಳೆ ಕುದಿಯುವಾಗ ಮೇಲೆ ನೊರೆ ಬರುತ್ತಲ್ಲ, ಅಮ್ಮ ಸೌಟಿನಲ್ಲಿ ತೆಗೆದು ಚೆಲ್ಲುತ್ತಿದ್ದರಲ್ಲ, ಅದೇ ಕೆಲಸ. ಉದ್ದನೆಯ ಕೊಳವೆಯೊಳಗೆ ಪಂಪು ಸಣ್ಣ ಸಣ್ಣ ಗುಳ್ಳೆ ತುಂಬುತ್ತೆ, ಕೊಳೆಯಲ್ಲಿರುವ ಪ್ರೋಟೀನು, ಜಿಡ್ಡು ಎಲ್ಲ ಗುಳ್ಳೆಯ ಮೈಗೆ ಅಂಟಿಕೊಂಡು ನೊರೆಯಾಗಿ ಏರಿ ಮೇಲಿನ ಬಟ್ಟಲಿಗೆ ಬೀಳುತ್ತೆ. ಬಟ್ಟಲಲ್ಲಿ ಕೂಡುವುದು ಕಡುಕಂದು ಕಷಾಯ, ವಾಸನೆ ಭಯಂಕರ. ಮೊದಲ ಸಲ ಅದನ್ನು ನೋಡಿದಾಗ ಇಷ್ಟೆಲ್ಲ ನೀರಲ್ಲೇ ಕರಗಿತ್ತಾ ಅನ್ನಿಸುತ್ತೆ. ಸಿಹಿನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗುವುದರಿಂದ ಈ ಉಪಾಯ ಅಲ್ಲಿ ನಡೆಯಲ್ಲ. ಉಪ್ಪುನೀರಿನವರಿಗೆ ಸಿಕ್ಕ ಒಂದೇ ರಿಯಾಯಿತಿ ಇದು ಅನ್ನಬಹುದು.

ಕೊಳ್ಳುವಾಗ ಡಬ್ಬಿಯ ಮೇಲಿನ ಸಂಖ್ಯೆಯನ್ನು ನಂಬಬೇಡಿ. 200 ಲೀಟರಿಗೆ ಅಂತ ಬರೆದಿದ್ದರೆ ಅದು ಒಂದೆರಡು ಮೀನಿರುವ ಟ್ಯಾಂಕಿನ ಲೆಕ್ಕ ಅಂದುಕೊಳ್ಳಿ. ನಾನು ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನ ತನಕ ತಗೊಳ್ಳಿ ಅನ್ನುತ್ತೇನೆ. ಹಾಗಂತ ನಾಲ್ಕು ಪಟ್ಟು ದೊಡ್ಡದು ತಂದರೆ ಕೊಳೆ ಸಾಲದೆ ನೊರೆ ಬಟ್ಟಲ ತನಕ ಏರುವುದೇ ಇಲ್ಲ. ಇನ್ನೊಂದು ವಿಷಯ ಯಾರೂ ಹೇಳಲ್ಲ: ಟೇಪು ತಗೊಂಡು ಕ್ಯಾಬಿನೆಟ್ಟಿನ ಒಳಗಿನ ಎತ್ತರ ಅಳೆಯಿರಿ. ಸ್ಕಿಮ್ಮರಿನ ಎತ್ತರ ಹಿಡಿಸಿದರೆ ಸಾಲದು, ಮೇಲಿನ ಬಟ್ಟಲನ್ನು ಎತ್ತಿ ತೆಗೆಯೋಕೆ ಇನ್ನೂ ಒಂದು ಗೇಣು ಬೇಕು. ನನ್ನ ಸ್ನೇಹಿತನೊಬ್ಬ ಬಟ್ಟಲು ತೊಳೆಯುವಾಗಲೆಲ್ಲ ಇಡೀ ಸ್ಕಿಮ್ಮರನ್ನೇ ಹೊರಗೆ ಎಳೆಯುತ್ತಾನೆ, ಎಳೆಯುವಾಗ ಬೈಯುವುದು ನನ್ನನ್ನು.

ಆಮೇಲೆ, ಪ್ರತಿ ಸ್ಕಿಮ್ಮರಿಗೂ ಇಂತಿಷ್ಟೇ ಆಳದ ನೀರಲ್ಲಿ ನಿಲ್ಲಬೇಕು ಅಂತ ಇರುತ್ತೆ, ಪುಸ್ತಿಕೆಯಲ್ಲಿ ನೋಡಿ. ಆ ಮಟ್ಟ ಏರಿಳಿದರೆ ಒಂದು ದಿನ ನೊರೆ ಬರಲ್ಲ, ಮರುದಿನ ಉಕ್ಕಿ ಹರಿಯುತ್ತೆ. ಹೊಸದನ್ನು ಹಾಕಿದ ಮೊದಲ ಒಂದೆರಡು ವಾರವೂ ಹೀಗೇ ಹುಚ್ಚಾಟ ಆಡುತ್ತೆ. ಅಂಗಡಿಗೆ ವಾಪಸ್ ಒಯ್ಯಬೇಡಿ, ಸ್ವಲ್ಪ ತಾಳಿ.

ಇದನ್ನೆಲ್ಲ ಇಡುವುದು ಎಲ್ಲಿ? ಕೆಳಗಿನ ಕ್ಯಾಬಿನೆಟ್ಟಿನಲ್ಲಿ, ಸಂಪ್ ಅನ್ನುವ ಎರಡನೇ ಗಾಜಿನ ಟ್ಯಾಂಕಿನಲ್ಲಿ. ಮೇಲಿನಿಂದ ನೀರು ತಾನಾಗಿ ಇಳಿಯುತ್ತೆ, ಮೊದಲ ಕೋಣೆಯಲ್ಲಿ ಕಸ ಹಿಡಿಯುವ ಬಟ್ಟೆ ಚೀಲ, ಎರಡನೆಯದರಲ್ಲಿ ಸ್ಕಿಮ್ಮರ್, ಕೊನೆಯದರಲ್ಲಿ ನೀರನ್ನು ಮೇಲಕ್ಕೆ ಕಳಿಸುವ ಪಂಪು. ಹೀಟರು, ನೀರಿನ ಬಣ್ಣ, ವಾಸನೆ ಹೀರುವ ಕಾರ್ಬನ್ (ಇದ್ದಿಲು) ಚೀಲ ಎಲ್ಲವೂ ಅಲ್ಲೇ ಅಡಗುತ್ತೆ. ಇದಕ್ಕೆ ಮೇಲಿನ ಗಾಜಿಗೆ ತೂತು ಬೇಕು, ಟ್ಯಾಂಕ್ ಮಾಡಿಸುವಾಗಲೇ ಹೇಳಿ ಕೊರೆಸಿ. ಟಫನ್ಡ್ ಗಾಜನ್ನು ಆಮೇಲೆ ಕೊರೆಯೋಕೆ ಹೋದರೆ ಪುಡಿಪುಡಿ. ಬಟ್ಟೆ ಚೀಲವನ್ನು ಮೂರು ನಾಲ್ಕು ದಿನಕ್ಕೊಮ್ಮೆ ತೊಳೆಯಬೇಕು. ತೊಳೆಯದಿದ್ದರೆ ಅದೂ ಕಸ ಕೂಡಿಡುವ ಡಬ್ಬಿಯೇ, ಕ್ಯಾನಿಸ್ಟರಿನ ತಮ್ಮ. ನಾನು ಆರು ಚೀಲ ಇಟ್ಟುಕೊಂಡಿದ್ದೇನೆ, ವಾಷಿಂಗ್ ಮಶೀನಿಗೆ ಸೋಪಿಲ್ಲದೆ ಹಾಕುತ್ತೇನೆ. ಮನೆಯವರಿಗೆ ಇದು ಗೊತ್ತಿದೆ, ಒಪ್ಪಿಗೆ ಇದೆ ಅಂತ ಹೇಳಲಾರೆ.

ಸಂಪ್ ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ನಾನು ನೆಲ ಒರೆಸಿ ಕಲಿತೆ. ಒಂದು ಜೂನ್ ರಾತ್ರಿ, ಮೊದಲ ಜೋರು ಮಳೆ, ಎರಡು ಗಂಟೆಗೆ ಕರೆಂಟ್ ಹೋಯ್ತು. ಪಂಪು ನಿಂತಾಗ, ನೀರನ್ನು ಮೇಲೆ ಒಯ್ಯುವ ಪೈಪಿನ ಬಾಯಿ ಟ್ಯಾಂಕಿನಲ್ಲಿ ಮುಳುಗಿದ್ದರೆ, ಅದೇ ಪೈಪು ತಿರುಗಿ ನೀರನ್ನು ಕೆಳಕ್ಕೆ ಹೀರುತ್ತೆ, ಬಾಯಿಗೆ ಗಾಳಿ ಸಿಗುವ ತನಕ ನಿಲ್ಲಲ್ಲ. ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ಟ್ಯಾಂಕಿನಲ್ಲಿ ನೀರು ಒಂದು ಸೆಂಟಿಮೀಟರ್ ಇಳಿದರೆ ನಾಲ್ಕು ಲೀಟರಿಗೂ ಜಾಸ್ತಿ. ನನ್ನದು ಹತ್ತು ಸೆಂಟಿಮೀಟರ್ ಇಳಿದಿತ್ತು, ನೀವೇ ಲೆಕ್ಕ ಹಾಕಿ, ಅಷ್ಟೂ ನೀರು ಹಿಡಿಸುವ ಜಾಗ ಸಂಪಿನಲ್ಲಿ ಇರಬೇಕಿತ್ತು. ಬೆಳಿಗ್ಗೆ ಕೆಳಗಿನ ಮನೆಯವರು ತಮ್ಮ ಸೀಲಿಂಗಿನ ಫೋಟೋ ಕಳಿಸಿದರು, ಆಮೇಲೆ ಸೊಸೈಟಿಯ ಸೆಕ್ರೆಟರಿ ಬಂದರು. ಒಳ್ಳೆಯವರೇ, ಆದರೆ ಮರಾಠಿಯಲ್ಲಿ ಬೈಯುವಾಗ ಒಳ್ಳೆಯತನ ಕಾಣಿಸಲ್ಲ.

ಪರಿಹಾರ ಸುಲಭ. ಆ ಪೈಪಿನ ಬಾಯಿಯನ್ನು ನೀರಿನ ಮಟ್ಟದ ಹತ್ತಿರವೇ ಇಡಿ, ಮಟ್ಟದ ಸ್ವಲ್ಪ ಕೆಳಗೆ ಪೈಪಿಗೆ ಒಂದು ಸಣ್ಣ ತೂತು ಕೊರೆಯಿರಿ, ನೀರು ಅಲ್ಲಿಗೆ ಇಳಿದ ಕೂಡಲೇ ಗಾಳಿ ಹೊಕ್ಕು ಹೀರುವುದು ನಿಲ್ಲುತ್ತೆ. ತೂತಿಗೆ ಪಾಚಿ ಕಟ್ಟುತ್ತೆ, ಆಗಾಗ ಕಡ್ಡಿ ಹಾಕಿ ಬಿಡಿಸಿ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಒಂದನ್ನೇ ನಂಬಬೇಡಿ, ಉಪ್ಪು ಕಟ್ಟಿ ಯಾವತ್ತಾದರೂ ಕೈ ಕೊಡುತ್ತೆ. ಪ್ಲಗ್ ಬೋರ್ಡನ್ನು ಸಂಪಿನ ಮೇಲ್ಗಡೆ ಗೋಡೆಗೆ ಹಾಕಿಸಿ, ವೈರು ಪ್ಲಗ್ಗಿಗಿಂತ ಕೆಳಗೆ ಬಳುಕಿ ಮೇಲೆ ಏರಲಿ, ಜಾರಿದ ನೀರು ಅಲ್ಲೇ ತೊಟ್ಟಿಕ್ಕುತ್ತೆ. ಕರೆಂಟ್ ಸೋರಿದ ಕೂಡಲೇ ಕಡಿದುಹಾಕುವ 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಉಪ್ಪುನೀರಿಗೆ ಕೈ ಹಾಕಲೇಬೇಡಿ.

ಪಂಪಿನ ವಿಷಯ. ಡಬ್ಬಿಯಲ್ಲಿ ಗಂಟೆಗೆ 3000 ಲೀಟರ್ ಅಂತ ಇದ್ದರೆ ಅದು ನೀರನ್ನು ಮೇಲಕ್ಕೆ ಎತ್ತದೆ ಇದ್ದಾಗಿನ ಲೆಕ್ಕ. ಸಂಪಿನಿಂದ ನಾಲ್ಕೈದು ಅಡಿ ಏರಿಸಿ, ಎರಡು ಮೂರು ಎಲ್ಬೋ ತಿರುಗಿಸಿದರೆ ಅರ್ಧ ಬಂದರೂ ಪುಣ್ಯ. ಡಬ್ಬಿಯ ಹಿಂದೆ ಎತ್ತರಕ್ಕೆ ತಕ್ಕ ಹರಿವಿನ ಗ್ರಾಫ್ ಇರುತ್ತೆ, ಅದನ್ನು ನೋಡಿ. ಸಂಪಿನ ಮೂಲಕ ಗಂಟೆಗೆ ಟ್ಯಾಂಕಿನ ಐದರಿಂದ ಹತ್ತು ಪಟ್ಟು ನೀರು ಹರಿದರೆ ಸಾಕು. ಟ್ಯಾಂಕಿನೊಳಗಿನ ಅಲೆಗೆ ಬೇರೆ ವೇವ್‌ಮೇಕರ್ ಹಾಕಿ, ಕಸ ಮೂಲೆಯಲ್ಲಿ ಕೂರದೆ ತೇಲುತ್ತಾ ಸಂಪಿಗೆ ಹೋಗಬೇಕಾದರೆ ಅದೂ ಬೇಕೇ ಬೇಕು. ವ್ಯಾಟ್ ಕೂಡ ನೋಡಿ. 40 ವ್ಯಾಟಿನ ಪಂಪು ದಿನವಿಡೀ ಓಡಿದರೆ ತಿಂಗಳಿಗೆ ಸುಮಾರು 29 ಯೂನಿಟ್, ಜೊತೆಗೆ ನೀರೊಳಗಿನ ಪಂಪು ಕುಡಿದ ಕರೆಂಟೆಲ್ಲ ಕೊನೆಗೆ ನೀರಿಗೆ ಬಿಸಿಯಾಗಿ ಸೇರುತ್ತೆ.

ಬಿಸಿ ಅಂದೆನಲ್ಲ, ನಮ್ಮ ಕಡೆ ಅದೇ ದೊಡ್ಡ ತಲೆನೋವು. ನೀರು 25ರಿಂದ 27 ಡಿಗ್ರಿಯಲ್ಲಿ ಇರಬೇಕು. ಪುಣೆಯವರು ಅದೃಷ್ಟವಂತರು, ಅಲ್ಲಿ ಬೇಸಿಗೆಯ ಗಾಳಿ ಒಣ, ಸಂಪಿನ ಮೇಲೆ ಸಣ್ಣ ಫ್ಯಾನ್ ಇಟ್ಟರೆ ನೀರು ಆವಿಯಾಗಿ ಆರಿ ಬಿಸಿ ಎರಡು ಮೂರು ಡಿಗ್ರಿ ಇಳಿಯುತ್ತೆ. ಚಳಿಗಾಲದಲ್ಲಿ ಮಾತ್ರ ಹೀಟರ್ ಬೇಕೇ ಬೇಕು. ಮುಂಬೈ, ಗೋವಾದ ಮೇ ತಿಂಗಳ ಸೆಕೆಯಲ್ಲಿ ನಮ್ಮ ಬೆವರೇ ಆರಲ್ಲ, ಇನ್ನು ಟ್ಯಾಂಕಿನ ನೀರು ಎಲ್ಲಿ ಆರುತ್ತೆ? ಇಲ್ಲಿ ಕೊನೆಗೆ ನೀರು ತಂಪು ಮಾಡುವ ಚಿಲ್ಲರೋ ಎಸಿ ಕೋಣೆಯೋ ಬೇಕಾಗುತ್ತೆ, ಬಜೆಟ್ಟಿನಲ್ಲಿ ಮೊದಲೇ ಸೇರಿಸಿಕೊಳ್ಳಿ. ನೀರು ಆರಿದಾಗ ಉಪ್ಪು ಆರಲ್ಲ, ಒಳಗೇ ಉಳಿಯುತ್ತೆ. ಅದಕ್ಕೆ ಕಡಿಮೆಯಾದಷ್ಟನ್ನು ಉಪ್ಪಿಲ್ಲದ ನೀರಿಂದಲೇ ತುಂಬಬೇಕು. ಇದನ್ನು ತಾನಾಗಿ ಮಾಡುವ ಆಟೊ ಟಾಪ್‌ಆಫ್ ಸಿಗುತ್ತೆ, ಸ್ಕಿಮ್ಮರಿನ ಮಟ್ಟವನ್ನೂ ಅದೇ ಕಾಯುತ್ತೆ.

ಆ ನೀರು ಎಲ್ಲಿಂದ? ಮನೆಯಲ್ಲಿ ಕುಡಿಯುವ ಆರ್‌ಓ ಇದೆ ಅಂತ ಖುಷಿಯಾಗಬೇಡಿ. ಕುಡಿಯುವ ಆರ್‌ಓಗಳಲ್ಲಿ ತುಂಬ ಕಡೆ ರುಚಿಗೋಸ್ಕರ ಸ್ವಲ್ಪ ಹಸಿ ನೀರನ್ನೋ ಖನಿಜವನ್ನೋ ವಾಪಸ್ ಬೆರೆಸುತ್ತಾರೆ. ಟ್ಯಾಂಕಿಗೆ ಬಳಸುವ ನೀರಲ್ಲಿ, ಉಪ್ಪು ಕಲಸುವ ಮುಂಚೆ, ಟಿಡಿಎಸ್ (ಕರಗಿದ ಲವಣಗಳ ಅಳತೆ) ಸೊನ್ನೆ ಇರಬೇಕು. ಅಂದರೆ ಆರ್‌ಓ ಆದ ಮೇಲೆ ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ನಿನ ಒಂದು ಕೊಳವೆ. ಭಾತ್ಸಾ, ತಾನ್ಸಾ, ವೈತರಣಾದಿಂದ ಬರುವ ಮುಂಬೈ ನೀರು ಮೆದು, ರೆಸಿನ್ ತುಂಬ ದಿನ ಬಾಳುತ್ತೆ. ಪುಣೆಯ ಹೊರವಲಯದಲ್ಲಿ ಟ್ಯಾಂಕರ್, ಬೋರ್‌ವೆಲ್ ನಂಬಿದವರಿಗೆ ಬೇಗ ಮುಗಿಯುತ್ತೆ. ಟಿಡಿಎಸ್ ಮೀಟರ್ ಅಗ್ಗ, ಒಂದು ಇಟ್ಟುಕೊಳ್ಳಿ. ನನ್ನ ಲೆಕ್ಕದಲ್ಲಿ ಫಿಲ್ಟರ್ ಪಟ್ಟಿಯಲ್ಲಿ ಸ್ಕಿಮ್ಮರಿನ ಪಕ್ಕದಲ್ಲೇ ಈ ಆರ್‌ಓ ಡಿಐ ಜೋಡಿಯ ಜಾಗ, ಯಾಕೆಂದರೆ ಒಳಗೆ ಬರದ ಕಸವನ್ನು ಹೊರಗೆ ಹಾಕುವ ಕೆಲಸವೇ ಇಲ್ಲ.

ಬ್ಯಾಕ್ಟೀರಿಯಾಗಳಿಗೆ ಮನೆ ಬೇಕಲ್ಲ, ಅದು ಕಲ್ಲು. ತೂತು ತೂತಾದ ಕಲ್ಲಿನ ಮೇಲ್ಮೈಯಲ್ಲಿ ಅಮೋನಿಯಾ ತಿನ್ನುವವು, ಆಮ್ಲಜನಕ ತಲುಪದ ಒಳಭಾಗದಲ್ಲಿ ನೈಟ್ರೇಟನ್ನು ಮುರಿದು ಸಾರಜನಕವಾಗಿ ಹೊರಬಿಡುವವು. ವಿದೇಶದ ವಿಡಿಯೋಗಳಲ್ಲಿ ತುಂಬ ಜನ ಸಮುದ್ರದಿಂದ ತಂದ ಲೈವ್ ರಾಕ್, ಅಂದರೆ ಜೀವಿಗಳು ಅಂಟಿಕೊಂಡ ಹವಳದ ಕಲ್ಲು, ಹಾಕುತ್ತಾರೆ. ನಮ್ಮಲ್ಲಿ ಹಾಗೆ ಮಾಡಬೇಡಿ. 2001ರಲ್ಲಿ ಬಂಡೆ ಕಟ್ಟುವ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟಕ್ಕೆ ಸೇರಿಸಿದ್ದಾರೆ, ಹುಲಿಯ ಸಾಲಿಗೆ. ಅಂಗಡಿಯವನು ಪಿಸುಮಾತಿನಲ್ಲಿ "ಒಳಗೆ ಇದೆ ಸಾರ್" ಅಂದರೆ ಹೊರಗೆ ಬನ್ನಿ. ಸೆರಾಮಿಕ್ ಕಲ್ಲು ಸಿಗುತ್ತೆ, ಬಾಟಲಿ ಬ್ಯಾಕ್ಟೀರಿಯಾ ಹಾಕಿದರೆ ಕೆಲವು ವಾರಗಳಲ್ಲಿ ಅದೂ ಜೀವ ಪಡೆಯುತ್ತೆ.

ಸದ್ಯಕ್ಕೆ ಬೇಡದ್ದು: ಯುವಿ ದೀಪ, ಓಝೋನ್, ಬಯೋಬಾಲ್ (ಬ್ಯಾಕ್ಟೀರಿಯಾ ಕೂರುವ ಪ್ಲಾಸ್ಟಿಕ್ ಚೆಂಡು), ಫಾಸ್ಫೇಟ್ ಹೀರುವ ರಿಯಾಕ್ಟರ್. ಕಾರ್ಬನ್ ಒಂದು ಚೀಲ ಸಾಕು, ತಿಂಗಳಿಗೊಮ್ಮೆ ಬದಲಿಸಿ. ಸಂಪಿನಲ್ಲಿ ಜಾಗ ಮಿಕ್ಕಿದರೆ ಒಂದು ಕೋಣೆಯಲ್ಲಿ ಕೀಟೋಮಾರ್ಫಾ ಅನ್ನುವ ಕಡಲಪಾಚಿ ಬೆಳೆಸಿ, ಮೇಲೊಂದು ದೀಪ. ಬೆಳೆದಂತೆ ಅರ್ಧ ಕಿತ್ತು ಬಿಸಾಕಿ, ನೈಟ್ರೇಟೂ ಅದರ ಜೊತೆಯೇ ಹೊರಗೆ ಹೋಗುತ್ತೆ. ಇನ್ನು 60 ಲೀಟರಿನ ಸಣ್ಣ ಟ್ಯಾಂಕ್ ಇಡುವವರಿಗೆ ಸ್ಕಿಮ್ಮರ್, ಸಂಪ್ ಎರಡೂ ಇಲ್ಲದೆ ನಡೆಯುತ್ತೆ. ಹಿಂಬದಿಗೆ ತೂಗುಹಾಕುವ ಫಿಲ್ಟರ್, ಒಂದಿಷ್ಟು ಕಲ್ಲು, ವಾರಕ್ಕೊಮ್ಮೆ ಶೇಕಡ 10ರಿಂದ 15ರಷ್ಟು ನೀರು ಬದಲು, ಅಷ್ಟೇ. ಆದರೆ ಒಂದು ವಾರವೂ ತಪ್ಪಿಸುವ ಹಾಗಿಲ್ಲ. ಗಣಪತಿ ಹಬ್ಬಕ್ಕೆ ಹತ್ತು ದಿನ ಊರಿಗೆ ಹೋಗುವವರು ಯೋಚನೆ ಮಾಡಿ.

ಎಲ್ಲ ಜೋಡಿಸಿದ ಮೇಲೆ ಮೊದಲು ಬರೀ ನಲ್ಲಿ ನೀರು ತುಂಬಿ, ಪಂಪು ಓಡಿಸಿ, ಮೇನ್ ಸ್ವಿಚ್ ಆರಿಸಿ. ಸಂಪಿನಲ್ಲಿ ನೀರು ಎಲ್ಲಿ ತನಕ ಏರುತ್ತೆ ನೋಡಿ. ಉಕ್ಕಿದರೆ ಸ್ವಲ್ಪ ತೆಗೆದು ಮತ್ತೆ ನೋಡಿ. ಸಂಪಿನ ಬಾಯಿಗೆ ನಾಲ್ಕು ಬೆರಳು ಕೆಳಗೆ ನಿಂತರೆ ಸರಿ. ಈಗ ಪಂಪು ಮತ್ತೆ ಹಾಕಿ, ಓಡುವಾಗ ಸಂಪಿನಲ್ಲಿ ನೀರು ಎಲ್ಲಿ ನಿಲ್ಲುತ್ತೋ ಅಲ್ಲಿ ಮಾರ್ಕರಿನಲ್ಲಿ ಗೆರೆ ಎಳೆಯಿರಿ, ಯಾವತ್ತೂ ಆ ಗೆರೆ ದಾಟಿ ತುಂಬಬೇಡಿ. ಮೂರು ನಾಲ್ಕು ಸಲ ಹೀಗೆ ಆರಿಸಿ ಹಾಕಿ ನೋಡಿದ ಮೇಲೆ ಆ ನೀರು ಚೆಲ್ಲಿ, ಆರ್‌ಓ ಡಿಐ ನೀರಿಗೆ ಉಪ್ಪು ಕಲಸಿ ತುಂಬಿ. ಕಲ್ಲು, ಬ್ಯಾಕ್ಟೀರಿಯಾ, ಚಿಟಿಕೆ ಮೀನಿನ ಆಹಾರ ಹಾಕಿ ಕಾಯಿರಿ. ನಾಲ್ಕರಿಂದ ಆರು ವಾರ ಹಿಡಿಯುತ್ತೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ ಕ್ಲೌನ್ ಮೀನು ತನ್ನಿ, ಟ್ಯಾಂಕಿನಲ್ಲೇ ಮರಿ ಮಾಡಿಸಿ ಬೆಳೆಸಿದ್ದು ಕೇಳಿ ತಗೊಳ್ಳಿ. ಎರಡೇ ಸಾಕು. ಅಂಗಡಿಯವನು ಐದಕ್ಕೆ ರೇಟ್ ಇಳಿಸುತ್ತಾನೆ, ಬೇಡ ಅನ್ನಿ.