ಮಕ್ಕಳ ನಿಧಿ ಹುಡುಕಾಟ: ಹೊರಗೆ ಚೀಟಿ ಬಚ್ಚಿಡಬೇಡಿ

ಊರು ಸುತ್ತಿಸುವ ನಿಧಿ ಹುಡುಕಾಟ ಕೆಡುವುದನ್ನು ನಾನು ಸಾಕಷ್ಟು ಸಲ ನೋಡಿದ್ದೇನೆ. ಹೆಚ್ಚಾಗಿ ಕಾರಣ ಒಂದೇ. ದೊಡ್ಡವರು ಹಿಂದಿನ ರಾತ್ರಿಯೇ ಸುಳಿವಿನ ಚೀಟಿ ಬರೆದು ಬೆಂಚಿನ ಕೆಳಗೆ, ಮರದ ಪೊಟರೆಯಲ್ಲಿ ಸಿಕ್ಕಿಸಿ ಬರುತ್ತಾರೆ. ಕಸ ಗುಡಿಸುವವರು ಮಕ್ಕಳಿಗಿಂತ ಮೊದಲೇ ಎದ್ದಿರುತ್ತಾರೆ, ಅಲ್ವಾ? ನಾನು ಮೊದಲ ಸಲ ಆಡಿಸಿದಾಗ ಐದರಲ್ಲಿ ಮೂರು ಚೀಟಿ ಮಾಯ. ಹನ್ನೊಂದು ಮಕ್ಕಳು ನನ್ನ ಮುಖ ನೋಡುತ್ತಾ ನಿಂತಿದ್ದರು.

ಹಾಗಾಗಿ ಊರಿನಲ್ಲಿ ಮೊದಲೇ ಇರುವುದನ್ನೇ ಹುಡುಕಿಸಿ. ಕಟ್ಟಡದ ಮೇಲೆ ಕೆತ್ತಿದ ಇಸವಿ, ಸೇತುವೆಯ ಕಮಾನು, ಪ್ರತಿಮೆಯ ಕಾಲಡಿಯ ಬರಹ. ಒಂದೊಂದು ಜಾಗದಿಂದ ಒಂದೊಂದು ಅಂಕಿ. ನಾಲ್ಕು ಅಂಕಿ ಸೇರಿದರೆ ನಿಧಿಪೆಟ್ಟಿಗೆಯ ನಂಬರ್ ಲಾಕ್ ತೆಗೆಯಬೇಕು. ಮೂರು ಅಂಕಿಯ ಲಾಕ್ ಮಾತ್ರ ಬೇಡ. ಅದರಲ್ಲಿರುವುದು 1,000 ಜೋಡಣೆ. ಒಂದಕ್ಕೆ ಎರಡು ಸೆಕೆಂಡ್ ಹಿಡಿದರೂ ಹಟಮಾರಿ ಮಗುವೊಂದು ಅರ್ಧ ಗಂಟೆ ಚಿಲ್ಲರೆಯಲ್ಲಿ ಎಲ್ಲವನ್ನೂ ತಿರುಗಿಸಿ ಮುಗಿಸುತ್ತದೆ. ನಾಲ್ಕು ಅಂಕಿಗೆ 10,000. ಅಗ್ಗದ ಲಾಕ್ ಆದರೆ ಕೊಂಡ ಕೂಡಲೇ ಜಗ್ಗಿ ನೋಡಿ. ಕೆಲವು ಲಾಕ್‌ಗಳು ನಂಬರ್ ಇಲ್ಲದೆಯೇ ಬಾಯಿ ಬಿಡುತ್ತವೆ.

ಮೊದಲು ಜಾಗ ಆರಿಸಿ. ಎಲ್ಲವೂ ನಡೆದೇ ಮುಟ್ಟುವಷ್ಟು ಹತ್ತಿರ ಇರಲಿ, ದೊಡ್ಡ ರಸ್ತೆ ದಾಟುವುದು ಬೇಡ, ದಾರಿಯಲ್ಲಿ ಒಂದು ಶೌಚಾಲಯ ಇರಲೇಬೇಕು. ಇಷ್ಟು ಸಾಕು.

ಎರಡನೆಯದು ಸುಳಿವು ಬರೆಯುವುದು. ಎಲ್ಲರೂ ಎಡವುವುದು ಇಲ್ಲೇ. ಮನೆಯಲ್ಲಿ ಕುಳಿತು ಬರೆಯಬೇಡಿ. ಜಾಗಕ್ಕೆ ಹೋಗಿ, ಮೊಣಕಾಲೂರಿ, ಮಗುವಿನ ಎತ್ತರದಿಂದ ನೋಡಿ. ನಿಮಗೆ ಎದ್ದು ಕಾಣುವ ಫಲಕ ಎಂಟು ವರ್ಷದ ಮಗುವಿಗೆ ಬೇಲಿಯ ಹಿಂದೆ ಮರೆಯಾಗಿರುತ್ತದೆ. ಆಮೇಲೆ ಒಗಟು ಕಟ್ಟಿ. ಗಡಿಯಾರದ ಗೋಪುರಕ್ಕೆ ‘ಮುಖವುಂಟು ಕಣ್ಣಿಲ್ಲ, ಕೈಯುಂಟು ಬೆರಳಿಲ್ಲ’ ಎಂದರೆ ಮಕ್ಕಳು ಓಡುತ್ತಾರೆ. ಅಂಚೆ ಡಬ್ಬಕ್ಕೆ ನಾನು ‘ಬಾಯಿ ತೆರೆದೇ ನಿಂತವನು, ಊರ ಕಾಗದವೆಲ್ಲ ನುಂಗುವವನು’ ಎಂದು ಬರೆದಿದ್ದೆ. ಮಕ್ಕಳು ಕಸದ ಬುಟ್ಟಿಯ ಮುಂದೆ ಹೋಗಿ ನಿಂತರು. ಕಾಗದ ಹಾಕಿಯೇ ಗೊತ್ತಿಲ್ಲದವರ ತಪ್ಪೇನು? ಒಗಟಿಗೆ ಇನ್ನೊಂದು ಉತ್ತರ ಹೊಂದುತ್ತದೆಯೇ ಎಂದು ಆಟಕ್ಕೆ ಬರದ ಮಗುವೊಂದರ ಮೇಲೆ ಮೊದಲೇ ಪರೀಕ್ಷೆ ಮಾಡಿ.

ಎಣಿಸುವ ಪ್ರಶ್ನೆಯಲ್ಲಿ ಇನ್ನೂ ಎಚ್ಚರ ಬೇಕು. ಮೆಟ್ಟಿಲು ಎಣಿಸಲು ಹೇಳಿದ್ದಕ್ಕೆ ಮೂರು ತಂಡದಿಂದ ಮೂರು ಉತ್ತರ ಬಂತು: 21, 22, 23. ಒಬ್ಬರು ಮೇಲಿನ ಜಗಲಿಯನ್ನು ಸೇರಿಸಿದ್ದರು, ಇನ್ನೊಬ್ಬರು ಮಣ್ಣಲ್ಲಿ ಅರ್ಧ ಹೂತ ಮೆಟ್ಟಿಲನ್ನೂ ಬಿಟ್ಟಿರಲಿಲ್ಲ. ಎಣಿಸುವುದಿದ್ದರೆ ಹತ್ತರೊಳಗೆ ಮುಗಿಯಲಿ. ‘ಕಲ್ಲಿನ ಮೇಲಿರುವ ಇಸವಿಯ ಕೊನೆಯ ಅಂಕಿ ಯಾವುದು?’ ಎಂದು ಕೇಳುವುದು ಎಲ್ಲಕ್ಕಿಂತ ಸಲೀಸು.

ಗುಪ್ತ ಲಿಪಿ ಒಂದೇ ಒಂದು ಇರಲಿ, ಜಾಸ್ತಿಯಾದರೆ ಆಟ ಹೋಗಿ ಪರೀಕ್ಷೆಯಾಗುತ್ತದೆ. ಜೂಲಿಯಸ್ ಸೀಸರ್ ತನ್ನ ಕಾಗದಗಳಲ್ಲಿ ಅಕ್ಷರಗಳನ್ನು ವರ್ಣಮಾಲೆಯಲ್ಲಿ ಮೂರು ಮನೆ ಸರಿಸಿ ಬರೆಯುತ್ತಿದ್ದನಂತೆ. ಕನ್ನಡಕ್ಕೆ ಒಂದು ಮನೆ ಸಾಕು. ವ್ಯಂಜನ ಮುಂದಕ್ಕೆ ಸರಿಯಲಿ, ಕಾಗುಣಿತ ಇದ್ದಂತೆಯೇ ಇರಲಿ. ‘ಮರ’ ಆಗ ‘ಯಲ’ ಆಗುತ್ತದೆ, ‘ಗಡಿಯಾರ’ ‘ಘಢಿರಾಲ’ ಆಗುತ್ತದೆ. ಅದನ್ನು ಜೋರಾಗಿ ಓದಿಯೇ ಮಕ್ಕಳು ಅರ್ಧ ಗಂಟೆ ನಗುತ್ತಾರೆ. ಒತ್ತಕ್ಷರ ಇರುವ ಪದದ ತಂಟೆಗೆ ಹೋಗಬೇಡಿ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಆಟದ ಪೆಟ್ಟಿಗೆಗೂ ದುಡ್ಡು ದಂಡ. ‘ಸೋಫಾ ಕೆಳಗೆ ನೋಡು’ ಎಂಬ ಸುಳಿವು ಇಟ್ಟುಕೊಂಡು ಊರಲ್ಲಿ ಏನು ಮಾಡುತ್ತೀರಿ?

ಫೋನಿನ ನಕ್ಷೆಯಲ್ಲಿ ಗುರುತು ಹಾಕಿ ಕಳಿಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ಜಿಪಿಎಸ್‌ನಲ್ಲಿ ಬೇಕೆಂದೇ ಇಟ್ಟಿದ್ದ ದೋಷವನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ತೆಗೆದ ಮರುದಿನವೇ ಅಲ್ಲಿನ ಆರೆಗನ್ ರಾಜ್ಯದಲ್ಲಿ ಒಬ್ಬರು ಬಕೆಟ್ ಬಚ್ಚಿಟ್ಟು, ಬಚ್ಚಿಟ್ಟದ್ದನ್ನು ಜಿಪಿಎಸ್ ಹಿಡಿದು ಹುಡುಕುವ ಜಿಯೋಕ್ಯಾಶಿಂಗ್ ಆಟ ಶುರು ಮಾಡಿದರು. ಬಯಲಿಗೆ ಅದು ಸರಿ. ಎತ್ತರದ ಕಟ್ಟಡಗಳ ನಡುವೆ ಫೋನಿನ ಚುಕ್ಕೆ ಪಕ್ಕದ ಬೀದಿಗೇ ಹಾರುತ್ತದೆ. ಮೇಲಾಗಿ ಮಕ್ಕಳು ಊರು ಬಿಟ್ಟು ಪರದೆ ನೋಡುತ್ತಾರೆ. ಫೋನ್ ದೊಡ್ಡವರ ಜೇಬಲ್ಲೇ ಇರಲಿ.

ಮೂರನೆಯದು ತಂಡ. ನಾಲ್ಕು ಮಕ್ಕಳಿಗೆ ಒಬ್ಬ ದೊಡ್ಡವರು. ಎಲ್ಲ ತಂಡವೂ ಒಂದೇ ಕಡೆ ಶುರು ಮಾಡಿದರೆ ಹಿಂದಿನವರು ಮುಂದಿನವರ ಬೆನ್ನು ನೋಡಿಕೊಂಡೇ ಗೆಲ್ಲುತ್ತಾರೆ. ಒಂದು ತಂಡ ಮೊದಲ ಜಾಗದಿಂದ, ಇನ್ನೊಂದು ಎರಡನೆಯದರಿಂದ ಹೊರಡಲಿ. ಉತ್ತರದ ಹಾಳೆಯಲ್ಲಿ ಪ್ರತಿ ಜಾಗಕ್ಕೂ ಅದರದೇ ಚೌಕ ಇದ್ದರೆ ಲಾಕಿನ ಅಂಕಿಗಳು ಅದಲು ಬದಲಾಗುವುದಿಲ್ಲ. ಹಾಳೆಗೆ ಪೆನ್ಸಿಲ್ಲೇ ಕೊಡಿ. ಸ್ಕೆಚ್ ಪೆನ್ನಿನ ಬರಹ ಬೆವರಿದ ಕೈಗೇ ಅಳಿಸಿಹೋಗುತ್ತದೆ.

ಹಿಂದಿನ ದಿನ ಇನ್ನೊಮ್ಮೆ ದಾರಿ ನಡೆದು ನೋಡಿ, ಆಟ ಶುರುವಾಗುವ ಹೊತ್ತಿಗೇ. ಒಮ್ಮೆ ನಾನು ನೆಚ್ಚಿಕೊಂಡಿದ್ದ ಫಲಕಕ್ಕೆ ಹೊಸ ಬಣ್ಣ ಬಳಿದು ಅಂಕಿಯನ್ನೇ ಮುಚ್ಚಿದ್ದರು. ಇನ್ನೊಮ್ಮೆ ಉದ್ಯಾನದ ಗೇಟಿಗೆ ಬೀಗ. ಪ್ರತಿ ಜಾಗಕ್ಕೂ ಒಂದು ಸುಲಭ ಸುಳಿವನ್ನು ಲಕೋಟೆಯಲ್ಲಿ ಅಂಟಿಸಿ ದೊಡ್ಡವರ ಕೈಗೆ ಕೊಟ್ಟಿರಿ. ಹತ್ತು ನಿಮಿಷ ತಡಕಾಡಿದರೆ ತೆರೆಯಬಹುದು, ಬೈಯುವ ಹಾಗಿಲ್ಲ.

ಪೆಟ್ಟಿಗೆಯೊಳಗೆ ಎಲ್ಲರಿಗೂ ಒಂದೇ ತರಹದ ವಸ್ತು ಇಡಿ. ಲೆಕ್ಕಕ್ಕಿಂತ ಎರಡು ಜಾಸ್ತಿ ಇರಲಿ. ಯಾರದ್ದೋ ಪುಟ್ಟ ತಮ್ಮ ಕೊನೆ ಗಳಿಗೆಯಲ್ಲಿ ಬಂದೇ ಬರುತ್ತಾನೆ.