ಡಬಲ್ಸ್ ಶಟಲ್: ಸರ್ವಿಸ್ ಯಾರದ್ದು, ನಿಲ್ಲೋದು ಎಲ್ಲಿ?

ಸಂಜೆ ಶಟಲ್ ಆಡುವವರಲ್ಲಿ ಹೆಚ್ಚಿನವರು ಆಡುವುದು ಡಬಲ್ಸ್. ಕೋರ್ಟಿನ ಬಾಡಿಗೆ ನಾಲ್ಕು ಜನಕ್ಕೆ ಹಂಚಿಹೋಗುತ್ತದೆ, ಓಡಾಟವೂ ಕಡಿಮೆ. ಆದರೆ ಜಗಳ ಜಾಸ್ತಿ ಆಗುವುದೂ ಡಬಲ್ಸ್‌ನಲ್ಲೇ. "ಈಗ ಸರ್ವಿಸ್ ಯಾರದ್ದು? ನಾನು ಆ ಕಡೆ ಇದ್ದೆ ಅಲ್ವಾ?" ಇದೇ ಮಾತು. ಉತ್ತರ ಸ್ಕೋರ್‌ನಲ್ಲೇ ಇದೆ. ಅದನ್ನು ಓದುವುದು ಕಲಿತರೆ ಆಟ ನಿಲ್ಲುವುದಿಲ್ಲ.

ಮೊದಲು ಗೆರೆಗಳು. ಕೋರ್ಟಿನ ಉದ್ದ 13.40 ಮೀಟರ್, ಡಬಲ್ಸ್‌ಗೆ ಅಗಲ 6.10 ಮೀಟರ್. ಸಿಂಗಲ್ಸ್‌ಗೆ ಬದಿಯ ಒಳಗೆರೆಗಳ ಲೆಕ್ಕ, ಆಗ ಅಗಲ 5.18. ನೆಟ್ ಕಂಬದ ಹತ್ತಿರ 1.55 ಮೀಟರ್ ಎತ್ತರ, ಮಧ್ಯದಲ್ಲಿ ಸ್ವಲ್ಪ ತಗ್ಗು, 1.524. ನೆಟ್‌ನಿಂದ 1.98 ಮೀಟರ್ ದೂರದಲ್ಲಿ ಒಂದು ಗೆರೆ ಇದೆ. ಸರ್ವಿಸ್ ಅದಕ್ಕಿಂತ ಮುಂಚೆಯೇ ಬಿದ್ದರೆ ಪಾಯಿಂಟ್ ಹೋಯಿತು. ಹೊಸಬರು ಎಡವುವುದು ಹಿಂದಿನ ಗೆರೆಯಲ್ಲಿ. ಅಲ್ಲಿ ಎರಡು ಗೆರೆ ಇರುತ್ತವೆ, ನಡುವೆ 76 ಸೆಂಟಿಮೀಟರ್. ಡಬಲ್ಸ್ ಸರ್ವಿಸ್ ಒಳಗಿನ ಗೆರೆ ದಾಟಬಾರದು, ಆದರೆ ಸರ್ವಿಸ್ ಮುಗಿದು ಆಟ ಶುರುವಾದ ಮೇಲೆ ಆ ಗೆರೆಗೆ ಬೆಲೆ ಇಲ್ಲ, ಪೂರ್ತಿ ಕೋರ್ಟು ನಿಮ್ಮದೇ. ಕಾಕ್ ಗೆರೆಯ ಮೇಲೆ ಬಿದ್ದರೆ ಒಳಗೇ ಬಿದ್ದ ಹಾಗೆ.

ಇನ್ನು ಸರ್ವಿಸ್. ಯಾವಾಗಲೂ ಎದುರಿನ ಓರೆ ಚೌಕಕ್ಕೆ ಹಾಕಬೇಕು. ಬ್ಯಾಟಿಗೆ ತಗಲುವ ಕ್ಷಣದಲ್ಲಿ ಇಡೀ ಕಾಕ್ ನೆಲದಿಂದ 1.15 ಮೀಟರ್‌ಗಿಂತ ಕೆಳಗಿರಬೇಕು. 2018ಕ್ಕೆ ಮುಂಚೆ ಸೊಂಟದ ಲೆಕ್ಕ ಇತ್ತು, ಈಗ ಕುಳ್ಳಗಿರುವವರಿಗೂ ಎತ್ತರದವರಿಗೂ ಒಂದೇ ಅಳತೆ. ಸರ್ವಿಸ್ ಮಾಡುವವರ, ತೆಗೆದುಕೊಳ್ಳುವವರ ಎರಡೂ ಪಾದ ನೆಲಕ್ಕೆ ತಾಗಿರಬೇಕು, ಗೆರೆ ತುಳಿಯಬಾರದು. ಬೀಸಿದಾಗ ಕಾಕ್ ಬ್ಯಾಟಿಗೆ ಸಿಗದೇ ಹೋದರೆ ಇನ್ನೊಂದು ಅವಕಾಶ ಇಲ್ಲ, ಪಾಯಿಂಟ್ ಎದುರಿನವರಿಗೆ. ಸರ್ವಿಸ್ ನೆಟ್‌ಗೆ ಸವರಿಕೊಂಡು ಹೋಗಿ ಸರಿಯಾದ ಚೌಕದಲ್ಲಿ ಬಿದ್ದರೆ ಅದು ಸರಿಯಾದ ಸರ್ವಿಸ್ಸೇ. ಟೆನಿಸ್ ನೋಡಿ ಅಭ್ಯಾಸ ಇದ್ದವರು "ಇನ್ನೊಮ್ಮೆ ಹಾಕಿ" ಅನ್ನುತ್ತಾರೆ. ಹಾಕಬೇಕಿಲ್ಲ.

ಈಗ ಮುಖ್ಯ ವಿಷಯ. ಸರ್ವಿಸ್ ಸಿಕ್ಕ ಕಡೆಯವರ ಸ್ಕೋರ್ ಸರಿಸಂಖ್ಯೆ ಆಗಿದ್ದರೆ ಅವರಲ್ಲಿ ಬಲಗಡೆ ನಿಂತವರು ಸರ್ವಿಸ್ ಮಾಡಬೇಕು. ಬೆಸಸಂಖ್ಯೆ ಆಗಿದ್ದರೆ ಎಡಗಡೆ ನಿಂತವರು. ಸರ್ವಿಸ್ ಮಾಡಿದವರೇ ಪಾಯಿಂಟ್ ಗೆದ್ದರೆ ಮಾತ್ರ ಅವರಿಬ್ಬರು ಜಾಗ ಬದಲಾಯಿಸಿಕೊಳ್ಳಬೇಕು, ಮುಂದಿನ ಸರ್ವಿಸ್ಸೂ ಅದೇ ವ್ಯಕ್ತಿಯದ್ದು. ಎದುರಿನವರು ಇದ್ದಲ್ಲೇ ಇರಬೇಕು.

ರವಿ-ಸುಧಾ ಒಂದು ಕಡೆ, ಮಂಜು-ಲತಾ ಇನ್ನೊಂದು ಕಡೆ ಅಂದುಕೊಳ್ಳಿ. ರವಿ ಮತ್ತು ಮಂಜು ತಂತಮ್ಮ ಬಲಗಡೆ ನಿಂತಿದ್ದಾರೆ. ಸೊನ್ನೆ-ಸೊನ್ನೆಯಲ್ಲಿ ರವಿ ಮಂಜುಗೆ ಸರ್ವಿಸ್ ಮಾಡಿ ಗೆದ್ದ. 1-0. ರವಿ ಎಡಕ್ಕೆ, ಸುಧಾ ಬಲಕ್ಕೆ. ರವಿ ಈಗ ಲತಾಗೆ ಸರ್ವಿಸ್ ಮಾಡುತ್ತಾನೆ, ಈ ಸಲ ಸೋತ. 1-1. ಯಾರೂ ಕದಲುವ ಹಾಗಿಲ್ಲ. ಮಂಜು-ಲತಾ ಅವರ ಸ್ಕೋರ್ ಒಂದು, ಬೆಸ, ಎಡಗಡೆ ಇರುವುದು ಲತಾ, ಹಾಗಾಗಿ ಸರ್ವಿಸ್ ಲತಾದು, ತೆಗೆದುಕೊಳ್ಳುವುದು ರವಿ. ಲತಾ ಸೋತರೆ ರವಿ-ಸುಧಾಗೆ ಎರಡು, ಸರಿಸಂಖ್ಯೆ, ಬಲಗಡೆ ಸುಧಾ ಇದ್ದಾಳೆ. ಸರ್ವಿಸ್ ಅವಳದ್ದು. ಇದು ರವಿ ಬಿಟ್ಟುಕೊಟ್ಟದ್ದೂ ಅಲ್ಲ, ಸರದಿಯೂ ಅಲ್ಲ, ಸ್ಕೋರ್ ಹೇಳಿದ್ದು.

ಹಳೇ ಆಟಗಾರರು ಜೊತೆಗಿದ್ದರೆ "ಸೆಕೆಂಡ್ ಸರ್ವರ್" ಅನ್ನುತ್ತಾರೆ. ಅವರು ಸುಮ್ನೆ ಹೇಳುತ್ತಿಲ್ಲ. ನಮ್ಮ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಟೂರ್ನಿ ಗೆದ್ದ ಕಾಲದಲ್ಲಿ ಸರ್ವಿಸ್ ಕೈಯಲ್ಲಿದ್ದವರಿಗೆ ಮಾತ್ರ ಪಾಯಿಂಟ್, ಫೈನಲ್ ಸ್ಕೋರ್ 15-3, 15-10. ಡಬಲ್ಸ್‌ನಲ್ಲಿ ಒಂದು ಕಡೆಗೆ ಎರಡು ಸರ್ವಿಸ್ ಇರುತ್ತಿತ್ತು, ಒಬ್ಬರು ಸೋತರೆ ಜೊತೆಗಾರರ ಸರದಿ, ಅವರೇ ಸೆಕೆಂಡ್ ಸರ್ವರ್. 2006ರಲ್ಲಿ 21 ಪಾಯಿಂಟ್‌ಗಳ ಪದ್ಧತಿ ಬಂದ ಮೇಲೆ ಅದು ಹೋಯಿತು, ಯಾರು ಸರ್ವಿಸ್ ಮಾಡಿದರೂ ಗೆದ್ದವರಿಗೆ ಪಾಯಿಂಟ್. ಮೂರರಲ್ಲಿ ಎರಡು ಗೇಮ್ ಗೆಲ್ಲಬೇಕು. 20-20 ಆದರೆ ಎರಡು ಪಾಯಿಂಟ್ ಅಂತರ ಬೇಕು, 29-29ಕ್ಕೆ ಮುಟ್ಟಿದರೆ ಮುಂದಿನ ಒಂದು ಪಾಯಿಂಟ್‌ಗೆ ಆಟ ಮುಗಿಯಿತು.

ಉಳಿದವು ಚಿಕ್ಕವು. ಬ್ಯಾಟೋ ಮೈಯೋ ಬಟ್ಟೆಯೋ ನೆಟ್‌ಗೆ ತಗಲಬಾರದು. ಕಾಕ್ ಮೈಗೆ ಬಡಿದರೆ ತಪ್ಪು, ಅದು ಔಟ್ ಹೋಗುತ್ತಿದ್ದರೂ ತಪ್ಪೇ. ನೆಟ್‌ನ ಆಚೆ ಕೈಚಾಚಿ ಹೊಡೆಯುವ ಹಾಗಿಲ್ಲ, ನಿಮ್ಮ ಕಡೆ ಹೊಡೆದ ಮೇಲೆ ಬ್ಯಾಟು ಆಚೆ ಹೋದರೆ ಪರವಾಗಿಲ್ಲ. ಒಂದೇ ಕಡೆಯ ಇಬ್ಬರೂ ಒಬ್ಬರಾದ ಮೇಲೊಬ್ಬರು ಹೊಡೆಯಬಾರದು. ಚಾವಣಿಗೆ ತಗಲಿದರೂ ತಪ್ಪು, ಆದರೆ ತಗ್ಗು ಚಾವಣಿಯ ಹಾಲ್‌ನಲ್ಲಿ ಆಡುವವರು ಅದಕ್ಕೆ ಏನು ಮಾಡಬೇಕು ಅಂತ ಆಟಕ್ಕೆ ಮುಂಚೆಯೇ ಮಾತಾಡಿಕೊಳ್ಳುವುದು ಒಳ್ಳೆಯದು.

ಇಷ್ಟಾದರೂ ಯಾರೋ ತಪ್ಪು ಜಾಗದಲ್ಲಿ ನಿಂತು ಸರ್ವಿಸ್ ಮಾಡಿ, ಎರಡು ಪಾಯಿಂಟ್ ಆದ ಮೇಲೆ ಗೊತ್ತಾಯಿತು ಅನ್ನಿ. ಹಿಂದಕ್ಕೆ ಹೋಗಿ ಪಾಯಿಂಟ್ ಕಳೆಯಬೇಡಿ. ಜಾಗ ಸರಿಮಾಡಿಕೊಳ್ಳಿ, ಸ್ಕೋರ್ ಇದ್ದಷ್ಟೇ ಇರಲಿ, ಆಟ ಮುಂದುವರಿಸಿ. ನಿಯಮವೂ ಹಾಗೇ ಇದೆ.