ಹಾಲೊಡಕಿನಿಂದ ಮೀಥೇನ್: ಟ್ಯಾಂಕ್ ಹುಳಿಯಾಗದಂತೆ ನಡೆಸುವುದು ಹೇಗೆ?

ಚೀಸ್ ತಯಾರಿಸಿದ ಮೇಲೆ ಉಳಿಯುವ ಹಾಲೊಡಕಿನಿಂದ ಮೀಥೇನ್ ತೆಗೆಯಲು ಹೊರಟವರು ಸಾಮಾನ್ಯವಾಗಿ ಸೋಲುವುದು ಮೊದಲ ಕೆಲವು ವಾರಗಳಲ್ಲಿಯೇ. ಅದರಲ್ಲಿರುವ ಶೇ 4.5ರಿಂದ 5ರಷ್ಟು ಲ್ಯಾಕ್ಟೋಸನ್ನು ಆಮ್ಲವಾಗಿಸುವ ಬ್ಯಾಕ್ಟೀರಿಯಾಗಳು ಗಂಟೆಗಳಲ್ಲಿ ದುಪ್ಪಟ್ಟಾಗುತ್ತವೆ. ಆ ಆಮ್ಲವನ್ನು ತಿಂದು ಮೀಥೇನ್ ಕೊಡುವ ಆರ್ಕಿಯಾಗಳೆಂಬ ಬೇರೊಂದು ಬಗೆಯ ಸೂಕ್ಷ್ಮಜೀವಿಗಳಿಗೆ ದುಪ್ಪಟ್ಟಾಗಲು ದಿನಗಳೇ ಬೇಕು. ಹೀಗಾಗಿ ಆಮ್ಲ ಉಳಿದು ಟ್ಯಾಂಕ್ ಹುಳಿಯಾಗುತ್ತದೆ.

ಮೊದಲು ಮೇಲೆ ತೇಲುವ ಕೊಬ್ಬನ್ನು ತೆಗೆಯಿರಿ. ಕ್ಲೋರಿನ್ ಬೆರೆತ ತೊಳೆ ನೀರು ಟ್ಯಾಂಕಿಗೆ ಸೇರಕೂಡದು.

ನಂತರ ಟ್ಯಾಂಕಿನ ಅರ್ಧದಷ್ಟು, ಚೆನ್ನಾಗಿ ನಡೆಯುತ್ತಿರುವ ಬಯೋಗ್ಯಾಸ್ ಘಟಕದ ಬಗ್ಗಡವನ್ನು ತುಂಬಿಸಿ. ಅದು ಸಿಗದಿದ್ದರೆ ಸೋಸಿದ ಸಗಣಿ ಬಗ್ಗಡವೂ ಆದೀತು, ತುಸು ತಡವಾಗುತ್ತದೆ ಅಷ್ಟೆ. ಪೊಟ್ಟಣಗಳಲ್ಲಿ ಬರುವ ಒಣ ಕಲ್ಚರ್ ಪುಡಿಗೆ ಹಣ ಸುರಿಯಬೇಡಿ: ಇಲ್ಲಿ ಬೇಕಿರುವುದು ಒಂದೆರಡು ತಳಿಗಳಲ್ಲ, ಪರಸ್ಪರ ಆಶ್ರಯಿಸಿ ಬದುಕುವ, ಗಾಳಿ ತಾಗಿದರೆ ಸೊರಗುವ ಜೀವಿಗಳ ಇಡೀ ಸಮುದಾಯ. ಗಾಳಿಯಾಡದಂತೆ ಮುಚ್ಚಿ, ಉಷ್ಣಾಂಶವನ್ನು 35ರಿಂದ 37 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಮೊದಲು ಹೊರಬರುವ ಅನಿಲದಲ್ಲಿ ಗಾಳಿ ಬೆರೆತಿರುವುದರಿಂದ, ಅದಕ್ಕೆ ಕಡ್ಡಿ ಗೀರದೆ ಬಯಲಿಗೆ ಬಿಟ್ಟುಬಿಡಿ; ಗಾಳಿಯಲ್ಲಿ ಶೇ 5ರಿಂದ 15ರಷ್ಟು ಮೀಥೇನ್ ಇದ್ದರೆ ಅದು ಸ್ಫೋಟಕ.

ಎಲ್ಲರೂ ಎಡವುವುದು ಹಾಲೊಡಕು ಉಣಿಸುವ ಹಂತದಲ್ಲಿ. ಪ್ರತಿ ಘನ ಮೀಟರ್ ಬಗ್ಗಡಕ್ಕೆ ದಿನಕ್ಕೆ ಅರ್ಧ ಕಿಲೋ ಸಿಒಡಿ (ಸಾವಯವ ವಸ್ತುವನ್ನು ಪೂರ್ತಿ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕದ ಲೆಕ್ಕದಲ್ಲಿ ಅದರ ಅಳತೆ), ಅಂದರೆ ಲೀಟರಿಗೆ 60 ಗ್ರಾಂ ಸಿಒಡಿ ಇರುವ ಹಾಲೊಡಕಾದರೆ ಸುಮಾರು 8 ಲೀಟರ್, ಇಷ್ಟರಿಂದಲೇ ಆರಂಭಿಸಿ. ಒಮ್ಮೆಗೇ ಸುರಿಯದೆ ಮೂರು ನಾಲ್ಕು ಬಾರಿ ಹಂಚಿ ಹಾಕಿ. ಪಿಎಚ್ 7ರ ಆಸುಪಾಸಿನಲ್ಲಿದೆ ಎಂದು ನಿಶ್ಚಿಂತರಾಗುವುದು ತಪ್ಪು, ಏಕೆಂದರೆ ಆಮ್ಲವನ್ನು ತಟಸ್ಥಗೊಳಿಸುವ ಬಗ್ಗಡದ ಬೈಕಾರ್ಬೊನೇಟ್ ಖರ್ಚಾಗಿ ಮುಗಿಯುವವರೆಗೂ ಪಿಎಚ್ ಕದಲುವುದಿಲ್ಲ, ಕದಲಿದಾಗ ಕಾಲ ಮೀರಿರುತ್ತದೆ. ಆದ್ದರಿಂದ ಆಮ್ಲ ಮತ್ತು ಕ್ಷಾರೀಯತೆಯ (ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿಯ) ಅನುಪಾತವನ್ನೇ ಅಳೆಯಿರಿ. ಅದು 0.3ರೊಳಗಿದ್ದರೆ ಮಾತ್ರ ವಾರಕ್ಕೊಮ್ಮೆ ಕಾಲು ಭಾಗ ಹೆಚ್ಚಿಸಬಹುದು, 0.4 ದಾಟಿದರೆ ಉಣಿಸುವುದನ್ನೇ ನಿಲ್ಲಿಸಿ ಕಾಯಬೇಕು. ಅನಿಲದ ಜ್ವಾಲೆ ದುರ್ಬಲವಾಗಿ ಆರಿ ಆರಿ ಹೋಗುವುದೂ ಇದೇ ತೊಂದರೆಯ ಸುಳಿವು.

ಹಾಲೊಡಕಿನಲ್ಲಿ ಕ್ಷಾರೀಯತೆ ಕಡಿಮೆ ಇರುವುದರಿಂದ ಅಡುಗೆ ಸೋಡಾ ಬೆರೆಸಬೇಕಾಗಬಹುದು. ಅಗ್ಗವೆಂದು ಸುಣ್ಣ ಹಾಕುವವರಿದ್ದಾರೆ. ಅದು ಇಂಗಾಲದ ಡೈಆಕ್ಸೈಡ್‌ ಜೊತೆ ಸೇರಿ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ನನ್ನನ್ನು ಕೇಳಿದರೆ, ದಿನವೂ ಸ್ವಲ್ಪ ಸಗಣಿ ಬಗ್ಗಡ ಬೆರೆಸುವುದೇ ಇವೆರಡಕ್ಕಿಂತ ಮೇಲು.

ಇಳುವರಿಯ ಆಸೆಗೂ ಮಿತಿಯಿದೆ: ಕೊಳೆತು ಇಲ್ಲವಾದ ಪ್ರತಿ ಕಿಲೋ ಸಿಒಡಿಗೆ ಹೆಚ್ಚೆಂದರೆ 0.35 ಘನ ಮೀಟರ್ ಮೀಥೇನ್. ಒಲೆಗೆ ಕೊಡುವ ಮುನ್ನ ಅನಿಲವನ್ನು ತುಕ್ಕು ಹಿಡಿದ ಕಬ್ಬಿಣದ ಚೂರುಗಳ ಮೂಲಕ ಹಾಯಿಸಿದರೆ ಹೈಡ್ರೋಜನ್ ಸಲ್ಫೈಡ್ ಅಲ್ಲೇ ಉಳಿಯುತ್ತದೆ. ಚೂರುಗಳು ಕಪ್ಪಾದಾಗ ಬದಲಿಸಿ.